ಸಣ್ಣ ಹಲ್ಲಿನ ಗಾಲಿ

ಮೋಟಾರು ಬಂದ ದಿನ ಓಣಿಗೆಲ್ಲ ಸಕ್ಕರೆ ಹಂಚಿದ್ದೆ. ಗೋಡೆಯಾಚೆ ಇರುವ ಗುರುಬಸಪ್ಪನವರ ಮನೆಗೆ ಎಲ್ಲರಿಗಿಂತ ಮೊದಲು ಕಳಿಸಿದ್ದೆ. ವಾರ ಕಳೆಯುವುದರೊಳಗೆ ಅದೇ ಮನೆಯಿಂದ ಆಳು ಬಂದು, ಅಣ್ಣಾವರು ಕರೀತಾರ ಎಂದ.

ನನ್ನದು ಸಾಂಗ್ಲಿ ಪೇಟೆಯಲ್ಲಿ ಅರಿಸಿನ ಪಾಲಿಶ್ ಮಾಡುವ ಶೆಡ್ಡು. ಕುದಿಸಿ ಒಣಗಿಸಿದ ಅರಿಸಿನದ ಕೊಂಬನ್ನು ದೊಡ್ಡ ಕಬ್ಬಿಣದ ಡ್ರಮ್ಮಿನಲ್ಲಿ ಹಾಕಿ ತಿರುಗಿಸಿದರೆ ಕೊಂಬಿಗೆ ಕೊಂಬು ತಿಕ್ಕಿ ಸಿಪ್ಪೆ ಹೋಗುತ್ತದೆ, ಹೊಳಪು ಬರುತ್ತದೆ. ಮೊದಲು ಆಳುಗಳು ಕೈಯಿಂದ ತಿರುಗಿಸುತ್ತಿದ್ದರು. ಜರ್ಮನಿಯ ಯುದ್ಧ ಶುರುವಾದ ಹೊಸದರಲ್ಲಿ ನಮ್ಮ ಓಣಿಗೆ ವಿದ್ಯುತ್ತಿನ ತಂತಿ ಬಂತು, ನಾನು ಮೋಟಾರು ಕೂಡಿಸಿದೆ. ಮೊದಲು ಮೋಟಾರಿನಿಂದ ಡ್ರಮ್ಮಿಗೆ ಕ್ಯಾನ್ವಾಸ್ ಪಟ್ಟೆ ಹಾಕಿ ನೋಡಿದೆ. ಅರಿಸಿನದ ಪುಡಿ ಕೂತು ಅದು ಜಾರುತ್ತಿತ್ತು. ತುಂಬಿದ ಡ್ರಮ್ಮು ಅಲುಗುತ್ತಲೇ ಇರಲಿಲ್ಲ. ಪಟ್ಟೆ ಕಿತ್ತೆಸೆದು ಮೋಟಾರಿಗೆ ಒಂದು ಸಣ್ಣ ಉಕ್ಕಿನ ಗಾಲಿ, ಡ್ರಮ್ಮಿನ ಕಡೆ ಒಂದು ದೊಡ್ಡ ಉಕ್ಕಿನ ಗಾಲಿ ಹಾಕಿಸಿ ಹಲ್ಲಿಗೆ ಹಲ್ಲು ಕೂಡಿಸಿದೆ. ನೇರ ಹಲ್ಲು, ದಪ್ಪ ಹಲ್ಲು. ಎಂಥ ಭಾರಕ್ಕೂ ಜಗ್ಗಲಿಲ್ಲ. ಆದರೆ ಒದರಿತು. ಅಷ್ಟು ವೇಗದಲ್ಲಿ ದಪ್ಪ ಹಲ್ಲು ಒಂದಕ್ಕೊಂದು ಬಡಿದರೆ ಒದರದೆ ಏನು ಮಾಡೀತು?

ಗುರುಬಸಪ್ಪನವರು ಗಾದಿಯ ಮೇಲೆ ಒರಗಿ ಕೂತಿದ್ದರು. ನನ್ನ ಶೆಡ್ಡಿಗೆ ಬರುವ ಅರಿಸಿನದಲ್ಲಿ ಮುಕ್ಕಾಲು ಪಾಲು ಅವರದು. ಅವರು ಕೈಬಿಟ್ಟರೆ ನಾನು ಶೆಡ್ಡಿಗೆ ಬೀಗ ಹಾಕಬೇಕು.

“ಏನೋ ರೇವಪ್ಪ, ಆನಿ ತಂದ ಕಟ್ಟೀಯೋ ಏನ ಒಳಗ?” ಎಂದರು. “ನಮ್ಮವ್ವ ಲಿಂಗ ಕೈಯಾಗ ಹಿಡದ ಕುಂತ್ರ ಗ್ವಾಡಿ ಒದರತೈತಿ. ಪೂಜಿನೂ ಇಲ್ಲ, ನಿದ್ದಿನೂ ಇಲ್ಲ. ಪೂಜಿ ಆಗದ ಅಕಿ ಎರಡ ದಿನ ಆತು ಉಂಡಿಲ್ಲ.”

“ಅವ್ವಾರ ಪೂಜಿ ಹೊತ್ತಿಗೆ ಬಂದ್ ಇಡತೀನ್ರಿ ಕಾಕಾ.”

“ಬಂದ್ ಇಟ್ರ ನನ್ನ ಮಾಲ ಯಾವಾಗ ಆಗಬೇಕು? ಮಾಲ ಒಯ್ಯಾಕ ಮುಂಬಯಿಯವ್ರು ತಿಂಗಳದಾಗ ಬರತಾರ. ಮಾಲೂ ಆಗಬೇಕು, ಒದರೂದೂ ನಿಲ್ಲಬೇಕು. ಇಲ್ಲಾಂದ್ರ ಕುಪವಾಡದಾಗ ಒಬ್ಬಾವ ಶೆಡ್ಡ ತಗದಾನ. ಅಲ್ಲೆ ಹೊಲ ಐತಿ, ಒದರಿದ್ರ ಕೇಳವ್ರು ಎಮ್ಮಿ.”

ಬೇರೆ ಯಾರಾದರೂ ಆಗಿದ್ದರೆ ನನ್ನ ಬಾಯಿಂದ ಏನು ಬರುತ್ತಿತ್ತೋ. ಇವರ ಮುಂದೆ ತಲೆಯಾಡಿಸಿ ಎದ್ದು ಬಂದೆ. ಶೆಡ್ಡಿನೊಳಗೆ ಯಂತ್ರವನ್ನು ಅತ್ತ ಇತ್ತ ಸರಿಸುವಂತೆಯೂ ಇರಲಿಲ್ಲ. ಈ ಕಡೆ ಗೋಡೆ ಅವರದು, ಆ ಕಡೆ ಗೋಡೆ ಅವರ ತಮ್ಮನದು.

ಮರುದಿನ ಮಿರಜಿಗೆ ಹೋದೆ. ಅಲ್ಲಿ ಸ್ಟೇಶನ್ನಿನ ಹಿಂದೆ ಜಯಕುಮಾರ ಗಾಲಿಗೆ ಹಲ್ಲು ಕೊರೆದು ಕೊಡುತ್ತಾನೆ. ನನ್ನ ಹಳೆಯ ಗೆಳೆಯ, ಜೈನರವ. ಇಬ್ಬರೂ ಒಬ್ಬರನ್ನೊಬ್ಬರು ಬೈಯದೆ ಮಾತು ಶುರು ಮಾಡಿದವರಲ್ಲ.

“ಹಲ್ಲ ಸಣ್ಣ ಮಾಡಿಸು,” ಎಂದ. “ಸಣ್ಣ ಹಲ್ಲಾದ್ರ ಒಂದ ಬಿಡೂದ್ರಾಗ ಇನ್ನೊಂದು ಹಿಡೀತೈತಿ, ಬಡತ ಕಡಿಮಿ. ಮ್ಯಾಲ ತಗಡಿನ ಪೆಟಗಿ ಮಾಡಿ ಎಣ್ಯಾಗ ಮುಳಗಿಸಿ ಓಡಿಸಿದ್ರ ಗ್ವಾಡಿ ದಾಟಿ ದನಿ ಹೋಗೂದಿಲ್ಲ. ಆದ್ರ ತುಂಬಿದ ಡ್ರಮ್ಮ ಎಳಿಯಾಕ ಹೋದ್ಯೋ, ಹಲ್ಲ ಉದರತಾವ.”

“ಗಾಲಿ ಅಗಲ ಮಾಡಲೇ. ಅಗಲಾದ್ರ ತಡೀತೈತಿ.”

“ನಿನ್ನ ಮೋಟಾರಿನ ತುದಿ ಹೆಬ್ಬಟ್ಟಿನಷ್ಟೈತಿ. ಅಗಲ ಗಾಲಿ ಎಲ್ಲೆ ಕೂಡಸ್ಲಿ, ನಿನ್ನ ತಲಿ ಮ್ಯಾಲ?”

ನಾನು ಮೋಟಾರನ್ನೂ ಅದನ್ನು ಮಾಡಿದವನನ್ನೂ ಬೈದೆ. ಜಯಕುಮಾರ ಬೆಂಚಿನ ಕೆಳಗಿನಿಂದ ಒಂದು ಡಬ್ಬಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದ. ಕೈ ಹಚ್ಚಲಿಲ್ಲ.

“ನೀನ ತಗದ ನೋಡು. ವಿಲಾಯತಿ ಗಾಲಿ. ಎರಡೂ ಮಗ್ಗಲಾ ಹಿತ್ತಾಳಿ, ನಡುವ ಒತ್ತಿ ಒತ್ತಿ ಕಟ್ಟಿದ ತೊಗಲು. ಹಲ್ಲ ದಪ್ಪ. ನಿನ್ನ ಉಕ್ಕಿನ ದೊಡ್ಡ ಗಾಲಿಗೆ ಇದನ್ನ ಕೂಡಿಸಿದ್ರ ತುಂಬಿದ ಡ್ರಮ್ಮೂ ಎಳೀತೈತಿ, ದನಿನೂ ಇಲ್ಲ.”

“ಯಾತರ ತೊಗಲು?”

“ನೀ ಕೇಳಬ್ಯಾಡ, ನಾ ಹೇಳಂಗಿಲ್ಲ. ದನದ್ದು.”

“ಹೇಳೇಬಿಟ್ಟೆಲ್ಲೋ ಹಲ್ಕಟ್!”

ನಗು ಬಂತು, ಆಮೇಲೆ ಮೈ ಕಾವೇರಿತು. ನಾನು ಪಾಲಿಶ್ ಮಾಡುವ ಅರಿಸಿನ ಯಾವ ಯಾವ ದೇವರ ಹಣೆಗೆ, ಯಾವ ಮದುಮಗಳ ಕೆನ್ನೆಗೆ ಹೋಗುತ್ತದೆಯೋ. ಲಿಂಗ ಕಟ್ಟಿದ ನಾನು ಅದನ್ನು ದನದ ತೊಗಲಿನಿಂದ ತಿರುಗಿಸಿದೆ ಎಂದು ಗೊತ್ತಾದರೆ ಪೇಟೆಯಲ್ಲಿ ಒಬ್ಬನೂ ನನ್ನ ಶೆಡ್ಡಿನ ಮೆಟ್ಟಿಲು ಹತ್ತುವುದಿಲ್ಲ.

ಮುಚ್ಚಿಡುವುದು ನನಗೆ ಬರುವುದಿಲ್ಲ. ಅದೇ ಸಂಜೆ ಗುರುಬಸಪ್ಪನವರ ಮುಂದೆ ಕೂತು ಇದ್ದದ್ದು ಇದ್ದಂತೆ ಹೇಳಿದೆ. ದಪ್ಪ ಉಕ್ಕಿನ ಹಲ್ಲು ಒದರುತ್ತದೆ. ಸಣ್ಣ ಉಕ್ಕಿನ ಹಲ್ಲು ಅರ್ಧ ಡ್ರಮ್ಮು ಮಾತ್ರ ಎಳೆಯುತ್ತದೆ. ತೊಗಲು ಎರಡನ್ನೂ ಮಾಡುತ್ತದೆ, ಆದರೆ ತೊಗಲು. ಯಾವುದು ಬೇಕೋ ನೀವೇ ಹೇಳಿರಿ ಎಂದೆ.

ತೊಗಲು ಎಂದ ಕೂಡಲೇ ಅವರು ಎದ್ದು ಬಾಗಿಲು ಹಾಕಿ ಬಂದರು.

“ಮ್ಯಾಲ ಪೆಟಗಿ ಹಾಕತೀಯಲ್ಲ?”

“ಹೂನ್ರಿ. ಯಾವ ಗಾಲಿ ಆದ್ರೂ ಪೆಟಗಿ ಹಾಕಬೇಕು.”

“ಮತ್ತ ಪೆಟಗಿ ಒಳಗ ಏನೈತಿ ಅನ್ನೂದು ನನಗ್ಯಾಕ ಬೇಕು? ಮಾಲ ಆಗಬೇಕು, ಒದರೂದು ನಿಲ್ಲಬೇಕು. ನೀ ಏನೂ ಹೇಳಿಲ್ಲ, ನಾ ಏನೂ ಕೇಳಿಲ್ಲ.”

ಪಾಪವೆಲ್ಲ ನನ್ನ ತಲೆಗೆ, ಹೊಳಪೆಲ್ಲ ಅವರ ಮಾಲಿಗೆ. ನಾಳೆ ಸುದ್ದಿ ಹೊರಬಿದ್ದರೆ ನನ್ನ ಮೇಲೆ ಮೊದಲು ಉಗುಳುವವರು ಇವರೇ. ಮನೆಗೆ ಬಂದು ಹೆಂಡತಿ ಇಂದುಬಾಯಿಯ ಮುಂದೆ ಹಾರಾಡಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

“ಹಾಕಿದ್ರ ಪೇಟಿ ನುಂಗತೈತಿ, ಹಾಕದಿದ್ರ ಕಾಕಾ ನುಂಗತಾರ,” ಎಂದಳು. “ಯಾರ ಬಾಯಾಗ ಹೋಗಬೇಕು ಅನ್ನೂದಷ್ಟ ನಿಮ್ಮ ಕೈಯಾಗೈತಿ. ಅದಕ್ಕ್ಯಾಕ ಇಷ್ಟ ಒದರತೀರಿ? ನಿಮ್ಮ ಬಾಯಿಗೂ ಒಂದು ಪೆಟಗಿ ಮಾಡಿಸರಿ.”

ತೊಗಲು ಹಾಕಲು ಮನಸ್ಸು ಒಪ್ಪಲಿಲ್ಲ. ಯುದ್ಧದಿಂದಾಗಿ ಒಳ್ಳೆಯ ಉಕ್ಕು ಸಿಗುವುದೇ ಕಷ್ಟವಾಗಿತ್ತು. ಜಯಕುಮಾರ ತನ್ನಲ್ಲಿ ಉಳಿದಿದ್ದ ತುಂಡಿನಿಂದ ಸಣ್ಣ ಗಾಲಿ ಕೊರೆದು, ನನ್ನ ದೊಡ್ಡ ಗಾಲಿಯ ಬದಲು ಅದಕ್ಕೆ ಹೊಂದುವ ಇನ್ನೊಂದನ್ನು ಕೊಟ್ಟ. ಸಣ್ಣ ಹಲ್ಲು, ಬಾಚಣಿಗೆಯಂಥದು. ಪೆಟ್ಟಿಗೆ ಮಾಡಿಸಿ ಎಣ್ಣೆ ಹಾಕಿ ಬೋಲ್ಟು ಬಿಗಿದೆ. ಅರ್ಧ ಡ್ರಮ್ಮು ತುಂಬಿ ಗುಂಡಿ ಒತ್ತಿದೆ. ಗಾಲಿ ಒದರಲಿಲ್ಲ, ಗುಂಯ್ ಎಂದಿತು ಅಷ್ಟೆ. ಅದಕ್ಕಿಂತ ಅರಿಸಿನದ ಸಪ್ಪಳವೇ ಹೆಚ್ಚಿತ್ತು.

ಗುರುಬಸಪ್ಪನವರ ತಾಯಿ ನೀಲಗಂಗವ್ವ ಹೋಳಿಗೆ ಕಳಿಸಿದರು. ಗುರುಬಸಪ್ಪನವರು ತಾವೇ ಶೆಡ್ಡಿಗೆ ಬಂದರು. ಹೊಸ್ತಿಲು ದಾಟಲಿಲ್ಲ. ಪೆಟ್ಟಿಗೆಯನ್ನು ದೂರದಿಂದ ನೋಡಿ ದನಿ ತಗ್ಗಿಸಿದರು.

“ಛಲೋ ಮಾಡಿದಿ.”

“ಉಕ್ಕಿಂದು ಐತಿರಿ ಕಾಕಾ. ಸಣ್ಣ ಹಲ್ಲಿಂದು.”

“ಹೌದ ಹೌದ, ಉಕ್ಕಿಂದು,” ಎಂದು ಕಣ್ಣು ಮಿಟುಕಿಸಿದರು.

ನನ್ನ ಕಿವಿ ಬಿಸಿಯಾಯಿತು. “ಬೋಲ್ಟ ಬಿಚ್ಚತೀನಿ, ನೋಡಬರ್ರಿ,” ಎಂದು ಪಾನಾ ಎತ್ತಿಕೊಂಡೆ. ನಾನು ಬಗ್ಗುವುದರೊಳಗೆ ಅವರು ಓಣಿಯ ತಿರುವು ದಾಟಿದ್ದರು. ನೋಡಿದರೆ ಗೊತ್ತಾಗುತ್ತದಲ್ಲ! ತಮಗೆ ಗೊತ್ತಾಗಬಾರದು ಎಂಬುದೇ ಅವರ ಹಟ.

ಅರ್ಧರ್ಧ ತುಂಬಿದರೆ ಕೆಲಸ ಎರಡು ಪಟ್ಟು. ನಾನು ಊಟವನ್ನೂ ಶೆಡ್ಡಿನಲ್ಲೇ ಮಾಡತೊಡಗಿದೆ. ಗುರುಬಸಪ್ಪನವರ ಆಳುಗಳು ಬಂದು ಮಾಲು ಯಾಕೆ ತಡ ಎಂದು ಕೇಳತೊಡಗಿದರು. ಒಂದು ದಿನ ಒಬ್ಬ ಆಳು ಸಣ್ಣ ಚೀಲವೊಂದನ್ನು ಹೊತ್ತು ನನ್ನ ಬಾಗಿಲ ಮುಂದೆಯೇ ಹಾದುಹೋದ. ಎಲ್ಲಿಗೋ ಎಂದೆ. ಅಣ್ಣಾವರ ಮನೆಯ ಪೂಜೆಯ ಅರಿಸಿನ, ಹರಿಪುರದಲ್ಲಿ ಕೈಯಿಂದ ತಿಕ್ಕಿಸಿಕೊಂಡು ಬರಲು ಹೇಳಿದ್ದಾರೆ ಎಂದ. ಪೇಟೆಗೆ ಮಾರುವ ಅರಿಸಿನ ನನ್ನ ಡ್ರಮ್ಮಿಗೆ, ತಮ್ಮ ದೇವರ ಅರಿಸಿನ ಹರಿಪುರಕ್ಕೆ! ಆ ಚೀಲವನ್ನು ಕಸಿದು ಗಟಾರಕ್ಕೆ ಎಸೆಯಬೇಕೆನಿಸಿತು.

ಮುಂಬಯಿಯವರು ಬಂದ ದಿನ ಗುರುಬಸಪ್ಪನವರು ಹೇಳಿಕಳಿಸಿದರು: ಇವತ್ತಿನಿಂದ ಡ್ರಮ್ಮು ತುಂಬಿ ಓಡಿಸಬೇಕು, ಆ ಗಾಲಿ ತುಂಬಿದ್ದನ್ನೂ ಎಳೆಯುತ್ತದೆಂದು ನೀನೇ ಹೇಳಿದ್ದೀ, ಇಲ್ಲದಿದ್ದರೆ ಮಾಲು ಕುಪವಾಡಕ್ಕೆ. ನಾನು ಹೇಳಿದ್ದು ತೊಗಲಿನ ಗಾಲಿಯ ಮಾತು. ನನ್ನದನ್ನು ತುಂಬಿ ಓಡಿಸಿದರೆ ಸಂಜೆಯೊಳಗೆ ಹಲ್ಲೆಲ್ಲ ಎಣ್ಣೆಯ ತಳದಲ್ಲಿ ಬಿದ್ದಿರುತ್ತವೆ, ಇನ್ನೊಂದು ಕೊರೆಸಲು ಉಕ್ಕಿಲ್ಲ.

ಮೋಟಾರು ನಿಲ್ಲಿಸಿದೆ. ಬೋಲ್ಟು ಬಿಚ್ಚಿ, ಎಣ್ಣೆ ಸೋರುವ ಗಾಲಿಯನ್ನು ಕೈಯಲ್ಲಿ ಹಿಡಿದು ನೇರವಾಗಿ ಅವರ ಅಂಗಡಿಗೆ ನಡೆದೆ. ಬಿಳಿ ಗಾದಿಯ ಮೇಲೆ ಗುರುಬಸಪ್ಪನವರು, ಎದುರಿಗೆ ಇಬ್ಬರು ಮುಂಬಯಿ ವ್ಯಾಪಾರಿಗಳು ಕೂತಿದ್ದರು. ನನ್ನ ಕೈಯಲ್ಲಿದ್ದ ಗಾಲಿ ನೋಡಿ ಗುರುಬಸಪ್ಪನವರ ಮುಖ ಬಿಳಿಚಿತು.

“ಹೇ ಕಾಯ್ ಆಣಲೆ?” ಎಂದು ವ್ಯಾಪಾರಿಗಳಲ್ಲೊಬ್ಬ ಮರಾಠಿಯಲ್ಲಿ ಕೇಳಿದ, ಇದೇನು ತಂದಿದ್ದೀ ಎಂದು.

“ಮೋಟಾರಿನ ಗಾಲಿ. ಉಕ್ಕಿನದು,” ಎಂದು ಅವನ ಭಾಷೆಯಲ್ಲೇ ಹೇಳಿದೆ.

“ಉಕ್ಕಿನದಲ್ಲದೆ ಮತ್ತೆ ಯಾತರದ್ದು ಇರುತ್ತದೆ?” ಎಂದು ಆತ ನಕ್ಕ.

ಬಾಯಿ ತೆರೆದೆ. ಉತ್ತರ ಕೊಟ್ಟರೆ ತೊಗಲಿನ ಮಾತು ಆಡಬೇಕು. ಆಡಿದರೆ ಈ ಅಂಗಡಿಯ ಅರಿಸಿನ ಇನ್ನು ಮುಂಬಯಿಗೆ ಹೋಗುವುದಿಲ್ಲ, ನನ್ನ ಶೆಡ್ಡಿಗೂ ಬರುವುದಿಲ್ಲ. ಎಣ್ಣೆ ಅವರ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು. ಗುರುಬಸಪ್ಪನವರು ಗಾಲಿಯನ್ನು ನೋಡುತ್ತಲೇ ಇರಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ಹಲ್ಲ ಸಣ್ಣವು,” ಎಂದೆ ಕಡೆಗೆ ಗುರುಬಸಪ್ಪನವರಿಗೆ. “ಅರ್ಧಾ ಡ್ರಮ್ಮಕಿಂತ ಹೆಚ್ಚಿಗಿ ಹಾಕಂಗಿಲ್ಲ. ಅದನ್ನ ಹೇಳಾಕ ಬಂದೆ.”

“ಅರ್ಧಾನ ಹಾಕು,” ಎಂದರು ಅವರು ತಟ್ಟನೆ. “ತಡಾ ಆದ್ರ ಆಗವಲ್ದ್ಯಾಕ. ಹೋಗು, ಹೋಗು.”

ಗಾಲಿ ಕೂಡಿಸಿ ಮತ್ತೆ ಓಡಿಸಿದೆ. ಸಂಜೆ ಅವರು ಶೆಡ್ಡಿಗೆ ಬಂದರು. ಈ ಸಲ ಒಳಗೆ ಬಂದು ನನ್ನ ತೋಳು ಹಿಡಿದುಕೊಂಡರು.

“ಮಾಲ ಕುಪವಾಡಕ್ಕ ಹೋಗೂದಿಲ್ಲ. ಎಂದೂ ಹೋಗೂದಿಲ್ಲ. ನೀ ಮಾತ್ರ ಯಾರ ಮುಂದೂ ಬಾಯಿ ಬಿಡಬ್ಯಾಡ, ರೇವಪ್ಪ.”

“ಏನಂತ ಬಾಯಿ ಬಿಡ್ಲಿರಿ? ಉಕ್ಕಿಂದು ಐತಿ ಅನ್ನಾಕತ್ತೇನಿ!” ಎಂದು ಒದರಿದೆ.

“ಹಾಂ,” ಎಂದು ಅವರು ತೋಳು ತಟ್ಟಿದರು. “ಹಂಗ ಅನ್ನು. ಯಾರ ಕೇಳಿದ್ರೂ ಹಂಗ ಅನ್ನು.”