ಒಂದೇ ಒಂದು ಎಂಟರ್

೧
ಓದುಗರೇ, ಸತ್ತು ಬಿದ್ದಿದ್ದ ಸರ್ವರ್ ಒಂದನ್ನು ನಾನು ಒಂದೇ ಬೆರಳಿನಲ್ಲಿ ಬದುಕಿಸಿದ್ದೇನೆ. ಎಡಗೈಯಲ್ಲಿ ಕಾಫಿ ಲೋಟವಿತ್ತು. ಒಂದು ತೊಟ್ಟೂ ಚೆಲ್ಲಲಿಲ್ಲ. ಕಥೆ ಇಲ್ಲಿಂದಲೇ ಶುರುವಾಗಲಿ ಅಂದುಕೊಂಡೆ. ಆದರೆ ಹೀರೋ ಎಂಟ್ರಿಗೆ ಮೊದಲು ಯಾರಾದರೂ ಕಷ್ಟದಲ್ಲಿರಬೇಕಲ್ಲ? ಈ ಡ್ರಾಫ್ಟ್ ಕ್ಯಾನ್ಸಲ್.

ಮತ್ತೆ ೧
ಅದೊಂದು ಡಯಾಲಿಸಿಸ್ ಕೇಂದ್ರ. ಆರು ಮಷಿನ್, ದಿನಕ್ಕೆ ಮೂರು ಪಾಳಿ. ಯಾರು ಯಾವ ಮಷಿನ್ನಿಗೆ ಎಂದು ತೋರಿಸುವ ವೆಬ್ ಪೇಜ್ ಬರೆದವನು ನಾನು, ಪಿಎಚ್‌ಪಿಯಲ್ಲಿ. ಪುಕ್ಕಟೆ ಸಿಗುವ, ಹೊಟ್ಟೆಯೊಳಗೇನಿದೆ ಎಂದು ಯಾರು ಬೇಕಾದರೂ ತೆರೆದು ನೋಡಬಹುದಾದ ಭಾಷೆ. ಅದು ಓಡಬೇಕಿದ್ದದ್ದು ಮಾತ್ರ ಲೈಸೆನ್ಸಿಗೆ ದುಡ್ಡು ಸುರಿದು ತಂದ, ಹೊಳೆಯುವ ಸ್ಟಿಕ್ಕರ್ ಅಂಟಿಸಿಕೊಂಡ ಸರ್ವರ್ ಮೇಲೆ. ಸಾಹುಕಾರರ ಮನೆಗೆ ಬರಿಗೈಯಲ್ಲಿ ಬಂದ ಅಳಿಯ. (ಹಳೇ ಹೋಲಿಕೆ, ಗೊತ್ತು. ಫ್ಯಾಮಿಲಿ ಆಡಿಯನ್ಸ್‌ಗೆ ಇರಲಿ.)

ಮಾವನ ಪಾತ್ರದಲ್ಲಿ ಲೈಸೆನ್ಸ್ ಅಣ್ಣ. ಹದಿನೆಂಟು ವರ್ಷದಿಂದ ಅಲ್ಲಿನ ಸರ್ವರ್ ನೋಡಿಕೊಳ್ಳುವವರು. ಪೆನ್ನು ಕೊಟ್ಟರೂ ‘ಇದಕ್ಕೆ ಲೈಸೆನ್ಸ್ ಇದ್ಯಾ’ ಎಂದು ತಿರುಗಿಸಿ ನೋಡುವ ಜೀವ.

“ನಿನ್ನ ಪುಕ್ಕಟೆ ಭಾಷೆ ಕೆಟ್ರೆ ನಾನು ಯಾರಿಗಪ್ಪಾ ಫೋನ್ ಮಾಡ್ಲಿ?”

“ನಂಗೇ ಮಾಡಿ ಅಣ್ಣ.”

“ನೀನು ಕೆಟ್ರೆ?”

(ಪಂಚ್ ಡೈಲಾಗ್ ನನಗೆಂದು ಇಟ್ಟಿದ್ದೆ. ಅವರು ಎತ್ತಿಕೊಂಡು ಹೋದರು.)

೨
ಸ್ವಲ್ಪ ಟೆಕ್ನಿಕಲ್. ಬೇಕಾದರೆ ಪಾಪ್‌ಕಾರ್ನ್ ತಂದುಕೊಳ್ಳಿ. ಇಂಥ ಪ್ರೋಗ್ರಾಮನ್ನು ಸರ್ವರ್ ಆನ್ ಆದ ಕೂಡಲೇ ತಾನಾಗಿ ಹಿನ್ನೆಲೆಯಲ್ಲಿ ಓಡುವಂತೆ ಕೂರಿಸಬೇಕು. ಅದಕ್ಕೆ ಲೈಸೆನ್ಸ್ ಅಣ್ಣನ ಪಾಸ್‌ವರ್ಡ್ ಬೇಕು. ಪಾಸ್‌ವರ್ಡಿಗೆ ಎರಡು ಪುಟದ ಫಾರ್ಮ್ ತುಂಬಬೇಕು. ಹೀರೋ ಫಾರ್ಮ್ ತುಂಬಿದ್ದನ್ನು ಎಲ್ಲಾದರೂ ನೋಡಿದ್ದೀರಾ? ಸರ್ವರ್ ಪರದೆಯ ಮೇಲೆ ಒಂದು ಕಪ್ಪು ವಿಂಡೋ ತೆರೆದೆ, ಅದರಲ್ಲಿ ಪ್ರೋಗ್ರಾಮ್ ಓಡಿಸಿ ಹಾಗೇ ಬಿಟ್ಟೆ. ಯಾರು ಪೇಜ್ ತೆರೆದರೂ ಅಲ್ಲೊಂದು ಸಾಲು ಮೂಡಿ ಮೇಲಕ್ಕೆ ಹರಿಯುತ್ತಿತ್ತು. ಮಾನಿಟರ್ ಮೇಲೆ ಹಳದಿ ಚೀಟಿ ಅಂಟಿಸಿದೆ: ‘ಈ ವಿಂಡೋ ಮುಟ್ಟಬೇಡಿ.’

ನಾಲ್ಕು ತಿಂಗಳು ಓಡಿತು. ಶತದಿನೋತ್ಸವ ದಾಟಿತ್ತು.

೩
ಆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಪೇಜ್ ನಿಂತುಹೋಯಿತು. ಕೌಂಟರ್ ಅಕ್ಕ ರಿಫ್ರೆಶ್ ಒತ್ತಿ ಒತ್ತಿ ಸೋತಳು. ಪಟ್ಟಿ ಕಾಣದೆ ಯಾರನ್ನೂ ಮಷಿನ್ನಿಗೆ ಹಾಕಲ್ಲ ಎಂದು ನರ್ಸ್ ಕೈಕಟ್ಟಿ ನಿಂತರು. ಬಿಸಿಲಲ್ಲೂ ಸ್ವೆಟರ್ ಹಾಕುವ ತಾತ ಬೆಂಚಿನಿಂದಲೇ ಕೌಂಟರ್ ಅಕ್ಕನನ್ನು ಕೇಳುತ್ತಿದ್ದರು:

“ನಂದು ಬಂತೇನಮ್ಮಾ?”

“ಇನ್ನೈದು ನಿಮಿಷ, ತಾತ.”

“ಆಗ್ಲೂ ಐದೇ ಅಂದಿದ್ದೆ.”

ಲೈಸೆನ್ಸ್ ಅಣ್ಣ ಕೇಬಲ್ ಬಿಚ್ಚಿ ಹಾಕಿದರು, ಬೆವರಿದರು. ಕಪ್ಪು ವಿಂಡೋ ಮಾತ್ರ ಮುಟ್ಟಲಿಲ್ಲ. ಚೀಟಿ ಅಂಟಿಸಿತ್ತಲ್ಲ.

ಹತ್ತಕ್ಕೆ ನನ್ನ ಎಂಟ್ರಿ. ಸ್ಲೋ ಮೋಷನ್, ಕೈಯಲ್ಲಿ ಕಾಫಿ. ಎಂಟರ್ ಒತ್ತಿದೆ. ಸಾಲುಗಳು ಧೋ ಎಂದು ಹರಿದವು. ಚಪ್ಪಾಳೆ.

“ಹದಿನೆಂಟು ವರ್ಷದ ಎಕ್ಸ್‌ಪೀರಿಯನ್ಸ್ ಏನ್ ಕಿಸೀತು?” ಎಂದರು ಮ್ಯಾನೇಜರ್ ಮೇಡಂ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ರಿಪೋರ್ಟ್ ನೀನೇ ಬರಿ. ಸರ್ವರ್ ನೋಡ್ಕೊಳ್ಳೋರ ನಿರ್ಲಕ್ಷ್ಯ ಅಂತ ಹಾಕು. ಅವರನ್ನ ಮನೆಗೆ ಕಳಿಸ್ತೀನಿ, ಅವರ ಸೀಟಲ್ಲಿ ನೀನು ಕೂತ್ಕೋ.”

೪
“ನನ್ನನ್ನ ಕಾಮಿಡಿ ಪೀಸ್ ಮಾಡಿದ್ದೀಯಲ್ಲೋ,” ಎಂದು ಲೈಸೆನ್ಸ್ ಅಣ್ಣ ಈ ಪ್ಯಾರಾದೊಳಗೇ ನುಗ್ಗಿದ್ದಾರೆ.

“ವಿಲನ್ ಮಾಡ್ಲಾ ಅಣ್ಣ? ಗೆಟಪ್ ಚೆನ್ನಾಗಿರುತ್ತೆ.”

“ಏನಾದ್ರೂ ಮಾಡ್ಕೋ. ಒಂದೇ ಒಂದು ಹೇಳು. ನೀನು ಕೋಡ್ ನೋಡ್ಲಿಲ್ಲ, ಕೇಬಲ್ ನೋಡ್ಲಿಲ್ಲ. ಎಂಟರ್ ಒತ್ತಿದ್ರೆ ಸಾಕು ಅಂತ ನಿಂಗೆ ಹೆಂಗ್ ಗೊತ್ತಾಯ್ತು?”

(ಪಾತ್ರಗಳು ಲೇಖಕನನ್ನು ಪ್ರಶ್ನಿಸಬಾರದು. ನಾಲ್ಕನೇ ಪ್ಯಾರಾ ಇಲ್ಲಿಗೆ ಬಂದ್.)

೫
ಕ್ಲೈಮ್ಯಾಕ್ಸ್ ಎ: ವೈರಸ್. ವೈರಸ್ ಬಂದು ನನ್ನ ಮೇಲೆ ಕೇಸ್ ಹಾಕುವುದಿಲ್ಲ.

ಕ್ಲೈಮ್ಯಾಕ್ಸ್ ಬಿ: ಆ ದಿನವೇ ಲೈಸೆನ್ಸ್ ಮುಗಿದು ಸರ್ವರ್ ಮುನಿಸಿಕೊಂಡಿತು. ಶಿಳ್ಳೆ ಗ್ಯಾರಂಟಿ. ಆದರೆ ಅಣ್ಣನ ಡೈರಿಯಲ್ಲಿ ಲೈಸೆನ್ಸ್ ಮುಗಿಯುವ ದಿನ ಕೆಂಪು ಇಂಕಿನಲ್ಲಿದೆ, ಇನ್ನೂ ಎರಡು ವರ್ಷ ದೂರ.

ಕ್ಲೈಮ್ಯಾಕ್ಸ್ ಸಿ ಬರೆಯಬಾರದೆಂದೇ ಇಷ್ಟು ಹೊತ್ತು ನಿಮ್ಮ ಜೊತೆ ಹರಟೆ ಹೊಡೆದೆ.

ಆ ದಿನ ಒಂಬತ್ತಕ್ಕೆ ಕೊಂಚ ಮೊದಲು ಕೌಂಟರ್ ಅಕ್ಕನನ್ನು ಸರ್ವರ್ ರೂಮಿಗೆ ಕರೆದು ಬಿಲ್ಡಪ್ ಕೊಡುತ್ತಿದ್ದೆ. “ನೋಡಿ ಅಕ್ಕ, ನೀವು ಕೌಂಟರಲ್ಲಿ ಒಂದ್ಸಲ ಒತ್ತಿದ್ರೆ ಇಲ್ಲೊಂದು ಸಾಲು ಬರುತ್ತೆ,” ಎಂದು ಕಪ್ಪು ವಿಂಡೋದ ಮೇಲೆ ಮೌಸ್ ಎಳೆದೆ. ಬಿಳಿ ಪಟ್ಟೆ ಮೂಡಿತು. ಆ ವಿಂಡೋದಲ್ಲಿ ಹೀಗೆ ಅಕ್ಷರಗಳನ್ನು ಆರಿಸಿದರೆ ಒಳಗಿನ ಪ್ರೋಗ್ರಾಮ್ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಕೀ ಒತ್ತುವವರೆಗೂ ಕದಲುವುದಿಲ್ಲ. ನನಗೆ ಗೊತ್ತಿತ್ತು. ಮೊದಲ ತಿಂಗಳಲ್ಲೇ ಎರಡು ಸಲ ಹೀಗಾಗಿತ್ತು. ಚೀಟಿ ಅಂಟಿಸಿದ್ದೇ ಅದಕ್ಕೆ. ಆದರೂ ಮಾತಿನ ಭರದಲ್ಲಿ ಪಟ್ಟೆಯನ್ನು ಹಾಗೇ ಬಿಟ್ಟು, ಫೋನ್ ಚಾರ್ಜಿಗೆ ಹಾಕಿ ಕಾಫಿಗೆ ಹೋದೆ.

ಇನ್ನೂ ಒಂದಿದೆ. ನಾನು ವಾಪಸ್ ಬಂದದ್ದು ಹತ್ತಕ್ಕಲ್ಲ, ಹತ್ತು ನಿಮಿಷ ಮೊದಲೇ. ಗಾಜಿನ ಬಾಗಿಲಾಚೆಯಿಂದ ಗಲಾಟೆ ನೋಡಿದ ಕೂಡಲೇ ಏನಾಗಿದೆ ಎಂದು ತಿಳಿಯಿತು. ಒಳಗೆ ಹೋಗಲಿಲ್ಲ. ಮೇಡಂ ಇನ್ನೂ ಬಂದಿರಲಿಲ್ಲ, ಎಂಟ್ರಿಗೆ ಜನ ಕಡಿಮೆ ಎನಿಸಿತು. ಕಾಫಿ ಹೀರುತ್ತಾ ನಿಂತೆ. ಸ್ವೆಟರ್ ತಾತ ಊದಿದ ಪಾದಗಳನ್ನು ಚಪ್ಪಲಿಯಿಂದ ಹೊರಗೆ ತೆಗೆದಿಟ್ಟುಕೊಂಡಿದ್ದರು. ಅದೂ ಕಾಣುತ್ತಿತ್ತು.

ಈ ಎರಡು ಪ್ಯಾರಾಗಳನ್ನು ಈಗಷ್ಟೇ ರಿಪೋರ್ಟಿನ ‘ಕಾರಣ’ ಎಂಬ ಕಾಲಮ್ಮಿಗೆ ಕಾಪಿ ಮಾಡಿದ್ದೇನೆ. ಕಳಿಸಬೇಕಾದರೆ ಎಂಟರ್ ಒತ್ತಬೇಕು. ಬೆರಳು ಅದೇ.