ಟೇಪು ಹಿಡಿದು ಕಲಿತ ಪಾರಸಿ

ಪರದೇಶದಿಂದ ಬೀಗಿತಿ ಬರುವ ಸುದ್ದಿ ಬಂದ ದಿನ ಸೊಸೆ ನನ್ನ ಹೊಲಿಗೆ ಮಿಷನ್ನಿನ ಪಕ್ಕ ಕೂತು ಉಗುರು ಕಚ್ಚತೊಡಗಿದಳು. ಅವಳೇನೋ ನಮ್ಮ ಮಾತು ಕಲಿತಿದ್ದಾಳೆ. ಅವಳ ತಾಯಿಗೆ ಪಾರಸಿ ಬಿಟ್ಟು ಬೇರೇನೂ ಬರದು.

"ಅತ್ತೆ, ನಾನೂ ನಿಮ್ಮ ಮಗನೂ ಕೆಲಸಕ್ಕೆ ಹೋದಮೇಲೆ ಮನೇಲಿ ಅಮ್ಮ, ನೀವು ಇಬ್ಬರೇ. ಎಂಟು ದಿನ ಮಾತಿಲ್ಲ, ಕತೆಯಿಲ್ಲ. ಮಗಳನ್ನ ಎಂಥಾ ಮೂಗರ ಮನೆಗೆ ಕೊಟ್ಟೆ ಅಂತ ಅತ್ತುಕೊಂಡು ಹೋದರೆ?"

"ಅದಕ್ಯಾಕೆ ಉಗುರು ಕಚ್ತೀಯೆ? ನಂಗೂ ಕಲಿಸು," ಎಂದೆ.

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಆದರೂ ಪಾರಸಿ ಅಷ್ಟೇನೂ ಹೆದರಿಸಲಿಲ್ಲ. ಮಾಡುವ ಕೆಲಸದ ಮಾತು ನಮ್ಮಲ್ಲಿದ್ದ ಹಾಗೇ ಅಲ್ಲೂ ವಾಕ್ಯದ ಕೊನೆಗೆ ಬಂದು ಕೂರುತ್ತದೆ. 'ಮನ್ ಚಾಯ್ ಮೀಖೋರಮ್' ಅಂದರೆ ನಾನು ಚಹಾ ಕುಡೀತೀನಿ. ಪರದೆಗೆ ಪರ್ದೆ, ಕೋಟಿನ ಒಳಗೆ ಹಾಕುವ ಅಸ್ತರಿಗೆ ಆಸ್ತರ್.

"ಹೊಲಿಗೆ ಹಿಡಿದ ನಲವತ್ತು ವರ್ಷದಿಂದ ಇದನ್ನೇ ಆಡ್ತಿದ್ದೀನಲ್ಲೇ!" ಎಂದೆ.

ಎಣಿಕೆ ಮಾತ್ರ ತಲೆಗೆ ಹತ್ತಲೇ ಇಲ್ಲ. ಕೊನೆಗೆ ಗಿರಾಕಿಗಳ ಅಳತೆಯನ್ನೆಲ್ಲ ಪಾರಸಿಯಲ್ಲೇ ಕೂಗತೊಡಗಿದೆ. ತೋಳು ಇಪ್ಪತ್ತಿದ್ದರೆ ಬೀಸ್ತ್, ಸೊಂಟ ಮೂವತ್ತಿದ್ದರೆ ಸೀ. "ಅಜ್ಜೀ, ನನ್ನೇನಾದ್ರೂ ಬೈತಿದ್ದೀರಾ?" ಅಂತ ಅಳತೆ ಕೊಡಲು ಬಂದಿದ್ದ ಬಸ್ ಡ್ರೈವರ್ ಒಬ್ಬ ಕೇಳಿಯೇಬಿಟ್ಟ.

ಬೀಗಿತಿ ಬಂದರು. ಬಾಗಿಲ ತುಂಬ ನಿಂತರು, ಮುಖ ಬಿಗಿದುಕೊಂಡು. ನಾನು 'ಖೋಶ್ ಆಮದೀದ್' ಅಂತ ಸ್ವಾಗತಿಸಬೇಕು. ಹದಿನೈದು ದಿನ ಉರು ಹೊಡೆದದ್ದು ಒಂದಕ್ಷರವೂ ಹೊರಡಲಿಲ್ಲ. ಸೊಸೆಯ ಮುಖ ಸುಣ್ಣದಂತಾಯಿತು. ಕೈಗೆ ಏನು ತೋಚಿತೋ, ಕೊರಳಲ್ಲಿದ್ದ ಟೇಪು ಎಳೆದು ಬೀಗಿತಿಯ ಎದೆಸುತ್ತ ಹಿಡಿದುಬಿಟ್ಟೆ.

"ಚೆಹೆಲ್-ಒ-ದೋ!" ನಲವತ್ತೆರಡು.

ಬೀಗಿತಿ ಕಣ್ಣು ಕೆಂಪಗೆ ಮಾಡಿ, "ಚೆಹೆಲ್!" ಎಂದರು. ಬರೀ ನಲವತ್ತಂತೆ.

ಟೇಪು ತೋರಿಸಿದೆ. ಅವರು ಉಸಿರೆಲ್ಲ ಹೊರಬಿಟ್ಟು ಮತ್ತೆ ಅಳೆಸಿದರು. ನಲವತ್ತೊಂದೂವರೆ. ಟೇಪು ಕಿತ್ತುಕೊಂಡು ನನ್ನನ್ನೂ ಅಳೆದರು. ಅವರಿಗಿಂತ ನಂದೇ ಅರ್ಧ ಇಂಚು ಜಾಸ್ತಿ! ಹೊಟ್ಟೆ ಹಿಡಿದು ನಕ್ಕವರು ನಗುತ್ತಲೇ ಒಳಗೆ ಬಂದರು.

ಎಂಟು ದಿನ ಎದುರು ಕೂತು ಅವರಿಗೊಂದು ಕೋಟು ಹೊಲಿದೆ. ಅವರು ಗುಂಡಿ ಹಚ್ಚಿದರು. ನಾನು 'ಯೆಕ್' ಅಂದರೆ ಅವರು 'ಒಂದು', ನಾನು 'ದೋ' ಅಂದರೆ ಅವರು 'ಎರಡು'. ಚಹಾ ಅಂತೂ ಲೆಕ್ಕವಿಲ್ಲದಷ್ಟು.

ಹೊರಡುವ ದಿನ ಕೋಟು ತೊಟ್ಟರು. ಎದೆಯ ಹತ್ತಿರ ತುಸು ಬಿಗಿ. ಅವರ ಹಟಕ್ಕೆ ನಲವತ್ತೊಂದೂವರೆಗೇ ಹೊಲಿದಿದ್ದೆನಲ್ಲ! ಮಗ್ಗುಲ ಹೊಲಿಗೆ ತಿರುಗಿಸಿ, ಒಳಗೆ ಮಡಚಿಟ್ಟ ಒಂದಿಂಚು ಬಟ್ಟೆ ತೋರಿಸಿದೆ. ಬಿಚ್ಚಿದರೆ ಸಡಿಲವಾಗುತ್ತದೆ. ಅವರು ಮಗಳ ಕಿವಿಯಲ್ಲಿ ಏನೋ ಹೇಳಿದರು.

ಸೊಸೆ ಕಣ್ಣೊರೆಸಿಕೊಂಡು ನಕ್ಕಳು. "ಬೇರೆ ಯಾವ ಟೈಲರೂ ಅದನ್ನ ಮುಟ್ಟಬಾರದಂತೆ, ಅತ್ತೆ. ಬಿಚ್ಚಿಸೋಕೆ ಮುಂದಿನ ವರ್ಷ ಇಲ್ಲಿಗೇ ಬರ್ತಾರಂತೆ."