ನಡುವಿನ ಡಿ

ಬಸ್ಸಿನ ಕಿಟಕಿಯ ಗಾಜು ಗಡಗಡ ಅನ್ನುತ್ತಿದೆ, ಮಾನ್ವಿಯ ಭತ್ತದ ಗದ್ದೆಗಳು ಹಿಂದೆ ಸರಿಯುತ್ತಿವೆ, ಎಲ್ಲಿಗ್ರೀ ಯಕ್ಕಾ, ಆಧಾರ್ ತೋರಸ್ರಿ ಎಂದು ಕಂಡಕ್ಟರ್ ಕೇಳುತ್ತಿದ್ದಾನೆ, ರೇಣುಕಾ ಬಾಯಿ ತೆರೆದಳು, ರಾಯಚೂರು ಅನ್ನಬೇಕಿತ್ತು, ದನಿಯೇ ಬರಲಿಲ್ಲ — ಈ ಬಾಯಿಯನ್ನು ಇನ್ನು ನಂಬುವುದು ಹೇಗೆ, ಇಷ್ಟು ದಿನ ತನ್ನದೇ ಅಂದುಕೊಂಡಿದ್ದ ಬಾಯಿ ನಾಲ್ಕನೇ ಕ್ಲಾಸಿನ ಮಕ್ಕಳೆದುರು ಬೇರೆಯವರದಾಗಿಬಿಟ್ಟಿತಲ್ಲ. ಇಂಗ್ಲಿಷ್ ಎಂ.ಎ. ಓದುವವರು ಒಂದು ವಾರ ಶಾಲೆಗಳಲ್ಲಿ ಪಾಠ ಮಾಡಿ ಬರಬೇಕೆಂದು ವಿಶ್ವವಿದ್ಯಾಲಯ ಕಳಿಸಿದಾಗ ಎಷ್ಟು ಹಿಗ್ಗಿದ್ದಳು, ಎಂ.ಎ. ಕ್ಲಾಸಿನ ಭಾಷಾ ಲ್ಯಾಬಿನಲ್ಲಿ ಹೆಡ್‌ಫೋನ್ ಹಾಕಿಸಿ ಕುಬ್ರಾ ಬೇಗಂ ಮೇಡಂ ತಿದ್ದಿ ತಿದ್ದಿ ಹದ ಮಾಡಿದ ನಾಲಿಗೆ, ವೆನ್ಸ್‌ಡೇ, ನಡುವಿನ ಡಿ ಬರೀಲಿಕ್ಕಷ್ಟೇ ಅದ ರೇಣುಕಾ, ಅನ್ಲಿಕ್ಕಲ್ಲ, ಮತ್ತೊಮ್ಮೆ ಅನ್ನು — ಅದಕ್ಕೂ ಮೊದಲು ದೇವದುರ್ಗದ ಕಡೆ, ಅರಕೇರಾ ಶಾಲೆಯಲ್ಲಿ, ಹುಲಗಪ್ಪ ಮಾಸ್ತರರು ಮೇಜಿಗೆ ಬೆತ್ತ ಬಡಿಯುತ್ತ ವೆಡ್, ನೆಸ್, ಡೇ, ಇಡೀ ಕ್ಲಾಸು ಒಂದೇ ರಾಗದಲ್ಲಿ ವೆಡ್, ನೆಸ್, ಡೇ, ಹಿಂಗಂದ್ರ ಸ್ಪೆಲ್ಲಿಂಗ್ ಸಾಯೂತನಕ ಮರಿಯಂಗಿಲ್ಲ ನೋಡ್ರಿ ಅನ್ನುತ್ತಿದ್ದರು, ಒಳ್ಳೆಯ ಮನುಷ್ಯ, ಅವರಿಲ್ಲದಿದ್ದರೆ ಇವಳೆಲ್ಲಿ ಎಂ.ಎ. ಎಲ್ಲಿ, ಆದರೂ ಆ ರಾಗವನ್ನು ಮೇಡಂ ಅಳಿಸಿದ್ದರು, ಅಳಿಸಿದ್ದಾರೆಂದೇ ಅಂದುಕೊಂಡಿದ್ದಳು.

ಹೀರಾಬಿ, ಎರಡು ಜಡೆಯ ಪುಟ್ಟ ಹುಡುಗಿ, ಇವಳು ಮೊನ್ನೆ ಕಲಿಸಿದ ವೆನ್ಸ್‌ಡೇಯನ್ನು ಬೆಲ್ಲದ ಚೂರಿನ ಹಾಗೆ ಬಾಯಲ್ಲಿಟ್ಟುಕೊಂಡೇ ಓಡಾಡಿದ್ದಳು, ಎಷ್ಟ್ ಛಂದ ಕೇಳಸ್ತದ್ರೀ ಟೀಚರ್, ಇವತ್ತು ಕ್ಲಾಸಿನ ಮಾಸ್ತರರಾದ ಉದಯಕುಮಾರ ಸರ್ ವಾರಗಳ ಹೆಸರು ಕೇಳಿದಾಗ ಎಲ್ಲರಿಗಿಂತ ಮೊದಲು ಎದ್ದು ನಿಂತು ಅದನ್ನೇ ಅಂದಳು, ಡಿ ಎಲ್ಲಿ ಹೋತು ಬೇ, ನುಂಗಿದ್ಯಾ, ಇಲ್ರೀ ಸರ್, ರೇಣುಕಾ ಟೀಚರ್ ಹಿಂಗ ಅನ್ಬೇಕಂದಾರ್ರಿ, ಮ್ಯಾಲೆ ಸುಳ್ಳು ಬ್ಯಾರೆ, ಹಿಡಿ ಕೈ — ಸ್ಕೇಲಿನ ಏಟು ಬಿದ್ದೇಬಿಟ್ಟಿತು, ಬಾಗಿಲಲ್ಲಿದ್ದ ರೇಣುಕಾ ಒಳಗೆ ನುಗ್ಗಿದಳು, ಹೊಡಿಬ್ಯಾಡ್ರಿ ಸರ್, ನಾನೇ ಕಲಿಸೀನ್ರಿ, ಆಕಿ ಅಂದಿದ್ದು ಖರೇ ಅದ. ಅಲ್ಲಿಯವರೆಗೆ ಎಲ್ಲ ಸರಿಯಿತ್ತಲ್ಲ, ಅಷ್ಟು ಧೈರ್ಯ ಬಂದಿತ್ತಲ್ಲ. ಹಂಗಾದ್ರ ನೀವ ಅಂದು ತೋರಸ್ರಿ ಮೇಡಂ, ಎಲ್ಲಾರೂ ಕೇಳ್ಲಿ, ಎಂದು ಸರ್ ಸ್ಕೇಲಿನಿಂದ ಮೇಜಿಗೆ ಬಡಿದರು, ಟಪ್, ಟಪ್, ಟಪ್ — ಆ ಸದ್ದಿಗೆ ಬೆನ್ನು ತಾನಾಗಿಯೇ ನೆಟ್ಟಗಾಯಿತು, ಕೈಗಳು ಹಿಂದೆ ಕಟ್ಟಿಕೊಂಡವು, ಬಾಯಿ ತೆರೆಯಿತು, ವೆಡ್, ನೆಸ್, ಡೇ.

ಹುಲಗಪ್ಪ ಮಾಸ್ತರರದೇ ರಾಗ. ಮಕ್ಕಳು ಗೊಳ್ಳೆಂದು ನಕ್ಕರು, ಅಲ್ರೀ, ತಪ್ಪಿ ಬಂತ್ರೀ ಸರ್, ವೆನ್ಸ್‌ಡೇ, ವೆನ್ಸ್‌ಡೇ ಎಂದು ಇವಳು ತೊದಲಿದ್ದು ಆ ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ, ಕೇಳಿದ್ಯಾ ಅಂದರು ಸರ್, ಅಷ್ಟೇ, ಹೀರಾಬಿ ಅಳಲಿಲ್ಲ, ಇವಳ ಮುಖವನ್ನೇ ನೋಡಿದಳು, ಆಮೇಲೆ ಯಾರೂ ಹೇಳದೆಯೇ ಇನ್ನೊಂದು ಕೈಯನ್ನೂ ಮುಂದೆ ಚಾಚಿದಳು. ಸರ್ ಹೊಡೆಯಲಿಲ್ಲ, ಕೂಡು ಅಂದರು, ಹೊಡೆದಿದ್ದರೇ ವಾಸಿ ಇತ್ತೇನೋ, ಏಟು ಬೀಳದೆ ಆ ಕೈ ಹಾಗೇ ನಿಂತಿತ್ತು — ಯಕ್ಕಾ ಎಲ್ಲಿಗಂತ ಹೇಳ್ರಿ ಮೊದ್ಲು, ಕಂಡಕ್ಟರ್ ಸಿಡುಕುತ್ತಿದ್ದಾನೆ, ನಾಳೆ ಹೋಗಿ ಹೇಳಬೇಕು, ನೀನು ಅಂದಿದ್ದೇ ಖರೇ ಹೀರಾಬಿ ಎಂದು ಎಲ್ಲರೆದುರು ಹೇಳಬೇಕು, ಯಾವ ಬಾಯಿಂದ, ನಂಬುತ್ತಾಳೆಯೇ ಅವಳು, ಸುಳ್ಳು ತನ್ನದೇ ಎಂದು ಒಪ್ಪಿಕೊಂಡು ಚಾಚಿದ್ದಳಲ್ಲ, ಏಟು ಬೀಳದ, ಬೆರಳು ಬಿಡಿಸಿದ, ಆ ಇನ್ನೊಂದು ಕೈ —